ನಮ್ಮ ಶಾಲೆಗಳ ಕಟ್ಟಡ – ಒಂದು ಹಿನ್ನೋಟ

ನಮ್ಮ ಜಿಲ್ಲೆಯಲ್ಲಿ ಇಗರ್ಜಿಯ ಚರಿತ್ರೆಯನ್ನು ಬರೆಯ ಹೊರಟವನು ಶಾಲೆಯ ಚರಿತ್ರೆಯನ್ನು ಬಿಟ್ಟು ಮುಂದುವರಿಯಲಾರ. ಆದರೆ ಶಾಲೆಯೆಂದೊಡನೆ ನಾವು ಗುರುಗಳನ್ನೂ ವಿದ್ಯಾರ್ಥಿಗಳನ್ನೂ ನೆನೆಯುತ್ತೇವೆಯೇ ಹೊರತು, ಅವರನ್ನು ಗಾಳಿಮಳೆಯಿಂದ ಕಾಪಾಡಿದ ಗೋಡೆ ಮಾಡುಗಳನ್ನು ನೆನೆಯುವುದಿಲ್ಲ. ಈ ಸ್ಮರಣ ಸಂಚಿಕೆಯಲ್ಲಿ ಆ ಮರೆತ ವಿಷಯದ ಕುರಿತು ಕೆಲವು ಮಾತುಗಳನ್ನು ಹೇಳುವುದು ಉಚಿತವೆಂದು ಭಾವಿಸುತ್ತೇನೆ.

ನಾರಾವಿಯು ಬೆಳ್ತಂಗಡಿ ತಾಲೂಕಿನ ಅಂಚಿನಲ್ಲಿ, ಪಶ್ಚಿಮ ಘಟ್ಟದ ತಪ್ಪಲಿನಲ್ಲಿರುವ ಊರು. ಜಿಲ್ಲೆಯಲ್ಲಿ ವರ್ಷಕ್ಕೆ ಸರಾಸರಿ ಸುಮಾರು 4000 ಮಿಲಿಮೀಟರ್ ಮಳೆ ಬೀಳುತ್ತದೆ. ಅದರ ಬಹುಪಾಲು ಜೂನಿನಿಂದ ಸೆಪ್ಟೆಂಬರಿನೊಳಗೆ ಸುರಿದುಹೋಗುತ್ತದೆ. ಶಾಲೆ ತೆರೆಯುವುದೂ ಮಳೆ ಹಿಡಿಯುವುದೂ ಹೆಚ್ಚು ಕಡಿಮೆ ಒಂದೇ ಹೊತ್ತಿಗೆ. ಆದುದರಿಂದ ಈ ನಾಡಿನಲ್ಲಿ ಶಾಲೆಯೆಂದರೆ ಮೊದಲಿಗೆ ಸೋರದ ಒಂದು ಮಾಡು.

ಹಿಂದಿನ ಐಗಳ ಮಠಗಳಿಗೆ ಪ್ರತ್ಯೇಕ ಕಟ್ಟಡವಿರಲಿಲ್ಲ. ಯಾರದೋ ಮನೆಯ ಜಗಲಿಯಲ್ಲಿ ಮಕ್ಕಳು ಮರಳಿನ ಮೇಲೆ ಬೆರಳಾಡಿಸಿ ಅಕ್ಷರ ಕಲಿಯುತ್ತಿದ್ದರು. ಬಳಿಕ ಹಳ್ಳಿಗಳಲ್ಲಿ ಎದ್ದ ಶಾಲೆಗಳಿಗೆ ಮಣ್ಣಿನ ಗೋಡೆ, ಸೆಗಣಿ ಸಾರಿಸಿದ ನೆಲ, ಮುಳಿಹುಲ್ಲು ಇಲ್ಲವೆ ಸೋಗೆಯ ಮಾಡು. ಅದನ್ನು ವರ್ಷ ವರ್ಷವೂ ಹೊಸದಾಗಿ ಹೊದೆಸಬೇಕು. ಬೇಸಗೆಯಲ್ಲಿ ಬೆಂಕಿಯ ಭಯ, ಮಳೆಗಾಲದಲ್ಲಿ ಸೋರುವ ಕಷ್ಟ.

ಈ ಸ್ಥಿತಿಯನ್ನು ಬದಲಿಸಿದ್ದು ಮಂಗಳೂರಿನ ಹಂಚು. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಶನ್ ಶಾಲೆಗಳನ್ನು ತೆರೆದುದಲ್ಲದೆ, 1865ರಲ್ಲಿ ಜಾರ್ಜ್ ಪ್ಲೆಬ್ಸ್ಟ್ ಅವರ ನೇತೃತ್ವದಲ್ಲಿ ಹಂಚಿನ ಕಾರ್ಖಾನೆಯನ್ನೂ ಸ್ಥಾಪಿಸಿತು. ನದೀತೀರದ ಜೇಡಿಮಣ್ಣನ್ನು ಅಚ್ಚಿನಲ್ಲಿ ಒತ್ತಿ, ಸುಟ್ಟು ಮಾಡಿದ ಈ ಹಂಚುಗಳು ಒಂದಕ್ಕೊಂದು ಕಚ್ಚಿಕೊಂಡು ಕೂರುತ್ತಿದ್ದವು. ನಮ್ಮ ಕಥೋಲಿಕ ಮನೆತನಗಳೂ ಈ ಉದ್ಯಮಕ್ಕೆ ಇಳಿದವು. ಆಲ್ಬುಕರ್ಕ್ ಮನೆತನದ ಹಂಚುಗಳು ಅವುಗಳಲ್ಲಿ ಪ್ರಸಿದ್ಧ. ಮುರಕಲ್ಲಿನ ಗೋಡೆ, ಮರದ ಪಕ್ಕಾಸು, ಹಂಚಿನ ಮಾಡು, ಮುಂದೆ ಒಂದು ಉದ್ದನೆಯ ಜಗಲಿ – ಇದು ನಮ್ಮ ಜಿಲ್ಲೆಯ ಶಾಲೆಯ ರೂಪವೇ ಆಯಿತು.

ಕಟ್ಟಡಕ್ಕೆ ಹಣ ಎಲ್ಲಿಂದ ಬರಬೇಕು? 1854ರ ವುಡ್ ಅವರ ವರದಿಯ ತರುವಾಯ ಖಾಸಗಿ ಶಾಲೆಗಳಿಗೆ ಸರಕಾರದ ಸಹಾಯಧನ ದೊರೆಯುವ ಪದ್ಧತಿ ಬಂದಿತು. ನಮ್ಮ ಜಿಲ್ಲೆ ಆಗ ಮದ್ರಾಸು ಪ್ರಾಂತಕ್ಕೆ ಸೇರಿತ್ತು. 1920ರ ಮದ್ರಾಸು ಪ್ರಾಥಮಿಕ ವಿದ್ಯಾಭ್ಯಾಸ ಕಾಯ್ದೆಯು ಜಿಲ್ಲಾ ವಿದ್ಯಾಭ್ಯಾಸ ಮಂಡಳಿಗಳನ್ನು ರಚಿಸಿತು. 1956ರ ನವೆಂಬರ್ 1ರಂದು ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿತು. 1961ರಲ್ಲಿ ಕಡ್ಡಾಯ ಪ್ರಾಥಮಿಕ ಶಿಕ್ಷಣದ ಕಾಯ್ದೆಯೂ ಬಂದಿತು. ಆಡಳಿತ ಬದಲಾದರೂ ಒಂದು ಕಟ್ಟಳೆ ಮಾತ್ರ ಬಹುಮಟ್ಟಿಗೆ ಹಾಗೆಯೇ ಉಳಿಯಿತು: ಅನುದಾನಿತ ಶಾಲೆಯಲ್ಲಿ ಗುರುಗಳ ಸಂಬಳ ಸರಕಾರದ್ದು, ಕಟ್ಟಡ ಆಡಳಿತ ವರ್ಗದ್ದು. ಆಡಳಿತ ವರ್ಗವೆಂದರೆ ಕಟ್ಟಕಡೆಗೆ ಊರಿನವರೇ ತಾನೆ! ಕಲ್ಲು ಹೊತ್ತವರು, ಮರ ಕೊಟ್ಟವರು, ಅಡಿಕೆ ಮಾರಿದ ಹಣದಲ್ಲಿ ಒಂದು ಪಾಲು ತೆಗೆದಿಟ್ಟವರು ಇವರೇ.

ಸರಕಾರಿ ಶಾಲೆಗಳ ಕಟ್ಟಡಗಳೂ ಮೆಲ್ಲನೆ ಸುಧಾರಿಸಿದವು. 1987ರ ಕಪ್ಪುಹಲಗೆ ಕಾರ್ಯಾಚರಣೆಯು ಪ್ರತಿ ಪ್ರಾಥಮಿಕ ಶಾಲೆಗೆ ಕನಿಷ್ಠ ಎರಡು ಕೋಣೆ, ಇಬ್ಬರು ಶಿಕ್ಷಕರು ಇರಬೇಕೆಂದಿತು. 2001ರಲ್ಲಿ ಸರ್ವ ಶಿಕ್ಷಾ ಅಭಿಯಾನ ಆರಂಭವಾಯಿತು. 2010ರ ಏಪ್ರಿಲ್ 1ರಂದು ಜಾರಿಗೆ ಬಂದ ಶಿಕ್ಷಣ ಹಕ್ಕು ಕಾಯ್ದೆಯು ಶಿಕ್ಷಕರೊಬ್ಬರಿಗೆ ಒಂದು ಕೋಣೆ, ಗಂಡು ಹೆಣ್ಣು ಮಕ್ಕಳಿಗೆ ಬೇರೆ ಬೇರೆ ಶೌಚಾಲಯ, ಶುದ್ಧ ಕುಡಿಯುವ ನೀರು, ಅಡಿಗೆಕೋಣೆ, ಆಟದ ಬಯಲು, ಆವರಣ ಗೋಡೆ ಇವೆಲ್ಲವನ್ನೂ ವಿಧಿಸಿತು.

2014ರ ಮೇ 6ರಂದು ಸರ್ವೋಚ್ಚ ನ್ಯಾಯಾಲಯವು ಅಲ್ಪಸಂಖ್ಯಾತರ ಶಾಲೆಗಳಿಗೆ ಈ ಕಾಯ್ದೆ ಅನ್ವಯಿಸದೆಂದು ತೀರ್ಪಿತ್ತಿತು. ಇದನ್ನು ಕೇಳಿ ಯಾರೂ ನಿಶ್ಚಿಂತರಾಗಬಾರದು. ಕಾಯ್ದೆ ನಮ್ಮನ್ನು ಬಿಟ್ಟರೂ ಮಳೆಗಾಲ ಬಿಡುವುದಿಲ್ಲ, ಬೆಂಕಿಯೂ ಬಿಡುವುದಿಲ್ಲ. 2004ರ ಜುಲೈ 16ರಂದು ತಮಿಳುನಾಡಿನ ಕುಂಭಕೋಣದ ಖಾಸಗಿ ಶಾಲೆಯೊಂದರಲ್ಲಿ ಅಡಿಗೆಮನೆಯ ಕಿಡಿ ತರಗತಿಯ ಸೋಗೆಯ ಮಾಡಿಗೆ ಹತ್ತಿ 94 ಮಕ್ಕಳು ಪ್ರಾಣ ಬಿಟ್ಟರು. 2009ರಲ್ಲಿ ಸರ್ವೋಚ್ಚ ನ್ಯಾಯಾಲಯವು ಎಲ್ಲ ಶಾಲೆಗಳೂ ಅಗ್ನಿಸುರಕ್ಷೆಯ ಕ್ರಮಗಳನ್ನು ಕೈಗೊಳ್ಳಬೇಕೆಂದು ಆದೇಶಿಸಿತು. ಈ ಹೊಣೆಯಿಂದ ಯಾರಿಗೂ ವಿನಾಯಿತಿಯಿಲ್ಲ.

ಇಂದು ನಾರಾವಿಯಲ್ಲಿ ಸಂತ ಅಂತೋನಿಯವರ ಹೆಸರಿನ ಕಾಲೇಜು ಇದೆ. ಸುತ್ತಮುತ್ತ ಕಾಂಕ್ರೀಟಿನ ಕಟ್ಟಡಗಳು ಎದ್ದಿವೆ. ಇದು ಸಂತೋಷದ ವಿಷಯ. ಆದರೆ ಜಿಲ್ಲೆಯ ಅನೇಕ ಕಡೆಗಳಲ್ಲಿ ಹಳೆಯ ಕನ್ನಡ ಮಾಧ್ಯಮದ ಅನುದಾನಿತ ಶಾಲೆ ಮಕ್ಕಳ ಕೊರತೆಯಿಂದ ಸೊರಗಿದೆ. ಅಲ್ಲಿ ಕಲಿಯುವವರು ಹೆಚ್ಚಾಗಿ ಶುಲ್ಕ ತೆರಲಾರದವರ ಮಕ್ಕಳು. ಮಕ್ಕಳು ಕಡಿಮೆಯೆಂದು ದುರಸ್ತಿ ನಿಲ್ಲುತ್ತದೆ. ದುರಸ್ತಿ ನಿಂತಿತೆಂದು ಮಕ್ಕಳು ಇನ್ನೂ ಕಡಿಮೆಯಾಗುತ್ತಾರೆ. ಒಂದು ಹಂಚು ಒಡೆದರೆ ಪಕ್ಕಾಸು ನೆನೆಯುತ್ತದೆ, ನೆನೆದ ಪಕ್ಕಾಸಿಗೆ ಗೆದ್ದಲು ಹಿಡಿಯುತ್ತದೆ, ಕೊನೆಗೆ ಗೋಡೆಯೇ ಕುಸಿಯುತ್ತದೆ. ಮೇ ತಿಂಗಳಲ್ಲಿ ಒಂದು ದಿನ ಹಂಚು ಸರಿಪಡಿಸಿದ್ದರೆ ತಪ್ಪುತ್ತಿದ್ದ ನಷ್ಟವಿದು.

ತಂದೆತಾಯಿಗಳೇ ಮಕ್ಕಳ ಮೊದಲ ಗುರುಗಳೆಂದು ಎರಡನೆಯ ವ್ಯಾಟಿಕನ್ ಮಹಾಸಭೆ 1965ರಲ್ಲಿ ಸಾರಿತು. ಶಾಲೆಯ ಮಾಡಿನ ಹೊಣೆಯೂ ಅವರಿಂದ ಮತ್ತು ನಮ್ಮೆಲ್ಲರಿಂದ ದೂರವಿಲ್ಲ. ಹೊಸ ಕಟ್ಟಡಕ್ಕೆ ಅಸ್ತಿಭಾರದ ಕಲ್ಲಿಡುವಾಗ ಸೇರುವ ಜನ, ಹಳೆಯ ಮಾಡಿನ ಹಂಚು ಸರಿಪಡಿಸುವ ದಿನವೂ ಸೇರಲಿ. ನಮ್ಮ ನಡುವಿನ ಅತ್ಯಂತ ಬಡ ಮಗು ಕುಳಿತ ಕೋಣೆ ಈ ಮಳೆಗಾಲದಲ್ಲಿ ಸೋರದಿರಲಿ. ಹಿರಿಯರು ಹೊತ್ತ ಕಲ್ಲಿಗೆ ನಾವು ಸಲ್ಲಿಸಬಹುದಾದ ಯೋಗ್ಯ ಗೌರವ ಅದೇ.