ಖಿದ್ರಾಪುರದ ಕಲ್ಲು, ನಮ್ಮೂರ ಕಲ್ಲು

ನಮ್ಮ ಕೊಲ್ಹಾಪುರ ಜಿಲ್ಹಾದಾಗ ಸರಕಾರದ ರಕ್ಷಣೆ ಇರುವ ಹಳೇ ಕಟ್ಟಡ ಯಾವುದು ಅಂತ ಕೇಳಿದರೆ ಮಂದಿ ಮೊದಲು ಪನ್ಹಾಳಗಡದ ಹೆಸರು ಹೇಳತಾರ. ಅದು ಖರೇ. ಆದರೆ ಗಡ ಅಂದರೆ ರಾಜರದು. ಸಣ್ಣದೊಂದು ಹಳ್ಳಿಯ ನಡುವೆ, ಮನಿ, ಹಿತ್ತಲ, ದನದ ಕೊಟ್ಟಿಗಿ ಇವುಗಳ ಬಾಜೂಕ ನಿಂತ ರಕ್ಷಿತ ಕಟ್ಟಡ ನೋಡಬೇಕಂದರೆ ಶಿರೋಳ ತಾಲೂಕಿನ ಖಿದ್ರಾಪುರಕ್ಕೆ ಹೋಗಬೇಕು. ಇಚಲಕರಂಜಿಯಿಂದ ಕುರುಂದವಾಡ ದಾಟಿ ಕಬ್ಬಿನ ಹೊಲಗಳ ನಡುವೆ ಹೋದರೆ ಕೃಷ್ಣಾ ಹೊಳಿಯ ದಂಡಿಗೆ ಆ ಊರು. ಹೊಳಿಯ ಆಚೆ ಜೂಗೂಳ, ಅದು ಕರ್ನಾಟಕ. ಈಚೆ ಕೋಪೇಶ್ವರನ ಗುಡಿ.

ನಾನು ಗಡಹಿಂಗ್ಲಜ ತಾಲೂಕಿನ ರೈತ. ಏಳನೆತ್ತಾ ತನಕ ಮರಾಠಿ ಸಾಲಿ ಕಲಿತೆ. ಕನ್ನಡ ಅಕ್ಷರ ಕಲಿತದ್ದು ನಮ್ಮ ಮೇಳದ ಗುರುಗಳ ಹಾಡಿನ ವಹಿ ನೋಡಿ. ಗೀಗೀ ಪದ, ಭಜನಿ ಹಾಡಿಕೋತ ನಲವತ್ತು ವರ್ಷ ಊರೂರು ತಿರುಗಿದೆ. ಪಂಡಿತರ ಹಂಗ ಬರೆಯಲಿಕ್ಕೆ ನನಗೆ ಬರೂದಿಲ್ಲ. ಕಣ್ಣಿಲೆ ಕಂಡದ್ದು, ಪುಸ್ತಕದಾಗ ಓದಿದ್ದು, ತಿಳಿದವರು ಕಲ್ಲಿನ ಮುಂದೆ ನಿಂತು ಓದಿ ಹೇಳಿದ್ದು, ಇಷ್ಟು ಬರೆಯುತ್ತೇನೆ.

ಗುಡಿಯ ಒಳಗೆ ಕಾಲಿಡುತ್ತಲೇ ಸಿಗುವುದು ಸ್ವರ್ಗಮಂಟಪ. ಅದಕ್ಕೆ ನೆತ್ತಿಯ ಮೇಲೆ ಮಾಳಿಗಿ ಇಲ್ಲ. ನಡುವೆ ದೊಡ್ಡ ಗುಂಡಗಿನ ಬಯಲು, ಅದರ ಅಡಿಯಲ್ಲಿ ನೆಲದ ಮೇಲೆ ಅಷ್ಟೇ ಗುಂಡಗಿನ ಚಪ್ಪಡಿ. ಮಳಿ ಬಂದರೆ ಮಳಿ ಒಳಗೆ, ಬಿಸಿಲು ಬಂದರೆ ಬಿಸಿಲು ಒಳಗೆ. ಆ ಬಯಲಿನ ಅಂಚನ್ನು ಹೊತ್ತು ನಿಂತ ಒಳಸುತ್ತಿನ ಕಂಬ 12. ಮಂಟಪದ ಎಲ್ಲ ಕಂಬ ಎಣಿಸಿದರೆ 48. ಸುತ್ತಲೂ ಎಂಟು ದಿಕ್ಕಿನ ದೇವರು ತಮ್ಮ ತಮ್ಮ ವಾಹನದ ಮೇಲೆ ಕುಂತಾರ. ಕಂಬಗಳನ್ನು ಚಕ್ರಕ್ಕೆ ಹಾಕಿ ತಿರುವಿದಂತೆ ಕಡೆದಿದ್ದಾರೆ, ಕೆಲವು ಕಡೆ ಕೈಯಾಡಿಸಿದರೆ ಇನ್ನೂ ನುಣ್ಣಗೆ ಹತ್ತುತ್ತದೆ. ಹೊರಗೆ ಗುಡಿಯ ಬುಡಕ್ಕೆ ಆನೆಗಳ ಸಾಲು, ಇಡೀ ಕಟ್ಟಡವನ್ನು ಬೆನ್ನ ಮೇಲೆ ಹೊತ್ತ ಹಾಗೆ. ಬಹಳ ಆನೆಗಳ ಸೊಂಡಿಲು ಮುರಿದಾವ. ಕಾರ್ತಿಕ ಹುಣ್ಣಿವಿಗೆ ಚಂದ್ರ ಆ ಬಯಲಿನ ನಡುಮಧ್ಯಕ್ಕೆ ಬರತಾನ ಅಂತ ಊರವರು ಹೇಳುತ್ತಾರೆ, ಆ ರಾತ್ರಿ ನೋಡಲು ಮಂದಿ ಕೂಡುತ್ತದೆ.

ಗರ್ಭಗುಡಿಯಲ್ಲಿ ಎರಡು ಲಿಂಗ. ಒಂದು ಕೋಪೇಶ್ವರ, ಇನ್ನೊಂದು ಧೋಪೇಶ್ವರ. ಧೋಪೇಶ್ವರ ಅಂದರೆ ವಿಷ್ಣು. ಸಿಟ್ಟಾದ ಶಿವನನ್ನು ಸಮಾಧಾನ ಮಾಡಲು ವಿಷ್ಣು ಬಾಜೂಕ ಬಂದು ಕುಂತ ಅಂತ ಕಥಿ. ಶಿವನ ಗುಡಿಯಾದರೂ ಇಲ್ಲಿ ನಂದಿ ಇಲ್ಲ. ಯಾಕಂದರೆ ದಕ್ಷನ ಯಜ್ಞಕ್ಕೆ ಸತಿ ನಂದಿಯನ್ನು ಏರಿ ಹೋದಳು, ಅವಳು ತಿರುಗಿ ಬರಲಿಲ್ಲ, ನಂದಿಯೂ ಅಲ್ಲೇ ಉಳಿಯಿತು. ಆ ನಂದಿ ಇರುವ ಊರು ಯಡೂರು. ಅಲ್ಲಿ ವೀರಭದ್ರನ ಗುಡಿ ಇರುವುದು ಈ ಕಥಿಗೆ ಹೊಂದುತ್ತದೆ, ದಕ್ಷನ ಯಜ್ಞ ಕೆಡಿಸಿದವನೇ ವೀರಭದ್ರ. ಯಡೂರು ಬೆಳಗಾವಿ ಜಿಲ್ಹಾ, ಚಿಕ್ಕೋಡಿ ತಾಲೂಕು. 1956ರಲ್ಲಿ ಭಾಷೆಯ ಮೇಲೆ ರಾಜ್ಯ ಹಂಚಿದಾಗ ದೇವರು ಒಂದು ರಾಜ್ಯಕ್ಕೆ, ಎತ್ತು ಇನ್ನೊಂದು ರಾಜ್ಯಕ್ಕೆ ಹೋದವು. ಹಾಡಿನಾಗ ನಾವು ಈ ಮಾತು ಸೇರಿಸಿದರೆ ಎರಡೂ ದಂಡಿಯ ಮಂದಿ ನಗತಾರ.

ಗುಡಿ ಕಟ್ಟಿದವರು ಶಿಲಾಹಾರ ರಾಜರು. ಹನ್ನೆರಡನೆಯ ಶತಮಾನದಲ್ಲಿ ಗಂಡರಾದಿತ್ಯ, ಅವನ ಮಗ ವಿಜಯಾದಿತ್ಯ, ಮೊಮ್ಮಗ ಎರಡನೇ ಭೋಜ, ಈ ಮೂವರ ಕಾಲಕ್ಕೆ ಈ ಸೀಮಿ ಬಹಳ ಬೆಳೆಯಿತು. ಗಂಡರಾದಿತ್ಯನ ಒಂದು ಕೆಲಸ ನನಗೆ ಬಾಳ ಸೇರುತ್ತದೆ. ಮಿರಜ ಸೀಮಿಯ ಇರುಕುಡಿ ಎಂಬಲ್ಲಿ ಅವನು ಗಂಡಸಮುದ್ರ ಎಂಬ ಕೆರಿ ಕಟ್ಟಿಸಿ, ಅದರ ದಂಡಿಗೆ ಈಶ್ವರ, ಬುದ್ಧ, ಜಿನ ಈ ಮೂವರನ್ನೂ ಕೂಡಿಸಿ, ಮೂವರಿಗೂ ಭೂಮಿ ಬಿಟ್ಟ. ನೀರು ಒಂದೇ, ದೇವರು ಮೂರು. ಖಿದ್ರಾಪುರದಲ್ಲಿಯೂ ಶಿವನ ಗುಡಿಯಿಂದ ಸ್ವಲ್ಪೇ ದೂರಕ್ಕೆ ಹಳೇ ಜೈನ ಬಸದಿ ಇದೆ. ಇನ್ನೂ ಹಿಂದಿನ ಮಾತೆಂದರೆ, 1054ರ ಸುಮಾರಿಗೆ ಚಾಲುಕ್ಯರಿಗೂ ಚೋಳರಿಗೂ ಕೊಪ್ಪಂ ಎಂಬಲ್ಲಿ ದೊಡ್ಡ ಯುದ್ಧವಾಗಿ ಚೋಳ ರಾಜಾಧಿರಾಜ ಆನೆಯ ಮೇಲೆಯೇ ಸತ್ತ. ಆ ಕೊಪ್ಪಂ ಅಂದರೆ ಇದೇ ಖಿದ್ರಾಪುರ ಅಂತ ಫ್ಲೀಟ್ ಸಾಹೇಬ ಬರೆದ. ಕೊಪ್ಪಳದ ಕಡೆ ಅನ್ನುವವರೂ ಇದ್ದಾರೆ. ಅದರ ವಾದ ಪಂಡಿತರಿಗೆ ಬಿಡೋಣ.

ನನಗೆ ಹೇಳಬೇಕಾದದ್ದು ಗುಡಿಯ ಬರಹದ ಬಗ್ಗೆ. ಒಳಗೂ ಹೊರಗೂ ಕೂಡಿ ಹೆಚ್ಚುಕಡಿಮಿ ಒಂದು ಡಜನ್ ಶಾಸನ ಅದಾವ. ಒಂದನ್ನು ಬಿಟ್ಟು ಉಳಿದವೆಲ್ಲ ಕನ್ನಡ. ಆ ಒಂದು ಸಂಸ್ಕೃತದ್ದು, ದೇವನಾಗರಿ ಅಕ್ಷರ, ದಕ್ಷಿಣ ಬಾಗಿಲ ಬಾಜೂಕ ಗೋಡೆಗಿದೆ. ಅದು ಯಾದವರ ಸಿಂಘಣ ರಾಜನದು, ಶಕ 1136, ಅಂದರೆ ಇಸ್ವಿ 1213-14. ಸಿಂಘಣ ಶಿಲಾಹಾರ ಭೋಜನನ್ನು ಸೋಲಿಸಿ ಈ ಸೀಮಿ ಗೆದ್ದುಕೊಂಡವನು. ಗೆದ್ದ ಮೇಲೆ ಸೋತವರ ಗುಡಿ ಕೆಡವಲಿಲ್ಲ. ಮಿರಜ ಸೀಮಿಯ ಕೂಡಲದಾಮವಾಡ ಎಂಬ ಊರಿನ ಉತ್ಪನ್ನವನ್ನು ಕೋಪೇಶ್ವರನ ಪೂಜೆಗೆ ಬಿಟ್ಟುಕೊಟ್ಟು ಅದನ್ನೇ ಕಲ್ಲಿನ ಮೇಲೆ ಬರೆಸಿದ.

ಇದಕ್ಕೇ ನಾನು ಹಿಂದಿನ ಕಾಲದ ರಕ್ಷಣೆಯ ಹುಕುಂ ಅನ್ನುವುದು. ಇಂಥ ದಾನದ ಶಾಸನಗಳನ್ನು ನಮ್ಮ ಸೀಮಿಯಲ್ಲಿ ಎಷ್ಟೋ ಕಡೆ ಓದಿದ್ದಾರೆ. ಅವುಗಳಲ್ಲಿ ಅಂಗಭೋಗ, ರಂಗಭೋಗ ಅಂತ ಬರುತ್ತದೆ. ಅಂಗಭೋಗ ಅಂದರೆ ದೇವರ ಸ್ನಾನ, ಗಂಧ, ನೈವೇದ್ಯ. ರಂಗಭೋಗ ಅಂದರೆ ದೇವರ ಮುಂದಿನ ಹಾಡು, ಕುಣಿತ, ಬಾರಿಸುವುದು. ನಮ್ಮಂಥ ಹಾಡುವವರ ಹೊಟ್ಟಿಯ ವಿಚಾರವೂ ಕಲ್ಲಿನ ಮೇಲಿತ್ತು ನೋಡ್ರಿ! ಮೂರನೆಯ ಮಾತು ಖಂಡಸ್ಫುಟಿತ ಜೀರ್ಣೋದ್ಧಾರ. ಓದಲು ಬಿರುಸು, ಅರ್ಥ ಸರಳ. ಮುರಿದದ್ದು ಒಡೆದದ್ದನ್ನು ದುರಸ್ತಿ ಮಾಡುವುದು. ಕಟ್ಟುವಾಗಲೇ ಮುಂದೆ ಇದು ಮುರಿಯತೈತಿ ಅಂತ ತಿಳಿದು, ಅದಕ್ಕೆ ರೊಕ್ಕ ಎಲ್ಲಿಂದ ಬರಬೇಕು ಅನ್ನುವುದನ್ನೂ ಬರೆದಿಡುತ್ತಿದ್ದರು. ರೊಕ್ಕ ರಾಜನ ಹತ್ತಿರದಿಂದಲೇ ಬರಬೇಕು ಅಂತ ಇರಲಿಲ್ಲ. ಕೊಲ್ಹಾಪುರದಲ್ಲಿ ಸಿಕ್ಕ 1135ರ ಕನ್ನಡ ಶಾಸನ ಇದೆ. ಗಂಡರಾದಿತ್ಯನ ಸಾಮಂತ ನಿಂಬದೇವರಸ ಸಂತಿಯಲ್ಲಿ ಕಟ್ಟಿಸಿದ ಪಾರ್ಶ್ವನಾಥ ಬಸದಿಗೆ ಅಯ್ಯಾವೊಳೆಯ ವ್ಯಾಪಾರಿಗಳು ಮಾರುವ ಸರಕಿನ ಮೇಲೆ ಇಷ್ಟಿಷ್ಟು ಅಂತ ಪಾಲು ಕೊಡಲು ಒಪ್ಪಿದ್ದು ಅದರಲ್ಲಿದೆ. ಸಂತಿಯ ರೊಕ್ಕದಿಂದ ಕಟ್ಟಡ ಉಳಿಯುತ್ತಿತ್ತು. ಮುರಿದವನಿಗೆ, ಕಸಿದುಕೊಂಡವನಿಗೆ ಶಾಸನದ ಕೊನೆಗೆ ಶಾಪ.

ಈಗ ಶಾಪದ ಜಾಗಾದಾಗ ಕಾಯಿದೆ ಬಂದಿದೆ. ಹಳೇ ಕಟ್ಟಡ ಕಾಯುವ ಕಾಯಿದೆಯನ್ನು 1904ರಲ್ಲಿ ಲಾರ್ಡ್ ಕರ್ಜನ್ ತಂದ. ಸ್ವಾತಂತ್ರ್ಯ ಬಂದ ಮೇಲೆ 1958ರಲ್ಲಿ ನಮ್ಮದೇ ಕಾಯಿದೆ ಆಯಿತು. ಖಿದ್ರಾಪುರದ ಗುಡಿಯನ್ನು 1954ರಲ್ಲಿಯೇ ರಕ್ಷಿತ ಸ್ಮಾರಕ ಅಂತ ಸಾರಿದ್ದರು. 2010ರಲ್ಲಿ ಕಾಯಿದೆ ಬಿಗಿಯಾಯಿತು. ಸ್ಮಾರಕ ಕೆಡಿಸಿದವನಿಗೆ ಎರಡು ವರ್ಷದ ತನಕ ಜೈಲು ಇಲ್ಲವೆ ಒಂದು ಲಕ್ಷ ರೂಪಾಯಿಯ ತನಕ ದಂಡ, ಎರಡೂ ಆಗಬಹುದು. ಸ್ಮಾರಕದ ಸುತ್ತ 100 ಮೀಟರ, ಅಂದರೆ ಸುಮಾರು 330 ಫೂಟಿನ ಒಳಗೆ ಹೊಸ ಕಟ್ಟಡ ಕಟ್ಟುವಂತಿಲ್ಲ, ಹಳೇ ಮನಿಯ ದುರಸ್ತಿಗೂ ಪರವಾನಗಿ ಬೇಕು. ಅದರ ಆಚೆ ಇನ್ನೂ 200 ಮೀಟರ ತನಕ ಕಟ್ಟುವುದಕ್ಕೂ ಪರವಾನಗಿ.

ಪಟ್ಟಣದಾಗ ಕುಂತವರಿಗೆ ಇದು ಸರಿ ಅನಿಸುತ್ತದೆ. ಹಳ್ಳಿಯಲ್ಲಿ 330 ಫೂಟು ಅಂದರೆ ಎಷ್ಟು ಮನಿ ಆಯಿತು ಲೆಕ್ಕ ಹಾಕಿರಿ. ಅಣ್ಣತಮ್ಮಂದಿರು ಬ್ಯಾರೆಯಾದರೆ ಒಂದು ಖೋಲಿ ಹೆಚ್ಚಿಗೆ ಬೇಕು. 2005, 2019, 2021ರಲ್ಲಿ ಮಹಾಪೂರ ಬಂದು ಶಿರೋಳ ತಾಲೂಕು ನೀರಾಗ ನಿಂತಾಗ ಎಷ್ಟು ಗೋಡೆ ಕುಸಿದವು. ಇಂಥಲ್ಲಿ ಗೋಡೆ ಎತ್ತಲು ಕಾಗದ ಓಡಾಡಿಸುವ ಬಡವನ ಕಷ್ಟ ಕಾಯಿದೆಯ ಪುಸ್ತಕದಾಗ ಕಾಣೂದಿಲ್ಲ. ಹಾಗಂತ ಕಾಯಿದೆ ಬ್ಯಾಡ ಅಂತ ನಾನು ಅನ್ನೂದಿಲ್ಲ. ಅದು ಇರದಿದ್ದರೆ ಕೋಪೇಶ್ವರನ ಆನೆ ಮೇಲೆ ಯಾರೋ ಹಾರ್ಡವೇರ್ ಅಂಗಡಿಯ ಜಾಹಿರಾತಿ ಬರೆಸುತ್ತಿದ್ದರು. ಆದರೆ ಹಿಂದಿನ ಹುಕುಂ ಊರಿಗೆ ಕೊಡುತ್ತಿತ್ತು, ಈಗಿನದು ಊರಿಗೆ ತಡೆಯುತ್ತದೆ. ಕಾಯುವ ಕೆಲಸಕ್ಕೆ ಊರಿನವರನ್ನೇ ಹಚ್ಚಿ, ಪರವಾನಗಿ ಲಗೂನ ಕೊಟ್ಟರೆ ಮನಿ ಗುಡಿ ಎರಡೂ ನಿಲ್ಲುತ್ತವೆ ಅಂತ ನನ್ನ ಅನಿಸಿಕೆ.

ಇನ್ನು ನಮ್ಮ ಗಡಹಿಂಗ್ಲಜ ಕಡೆ. ಸಾಮಾನಗಡ ಎಲ್ಲರಿಗೂ ಗೊತ್ತು. 1844ರಲ್ಲಿ ಗಡದ ಮಂದಿ, ಗಡಕರಿಗಳು, ತಮ್ಮ ಹೊಲದ ಹಕ್ಕಿಗೆ ಕೈ ಹಚ್ಚಿದರು ಅಂತ ಇಂಗ್ರೇಜರ ಮೇಲೆ ತಿರುಗಿಬಿದ್ದು ಬಾಗಿಲು ಹಾಕಿಕೊಂಡರು. ಅಕ್ಟೋಬರದಲ್ಲಿ ಇಂಗ್ರೇಜರು ತೋಫು ಹಚ್ಚಿ ಗಡ ತಗೊಂಡರು. ಈ ಕಥಿ ಮರಾಠಿ ಪವಾಡದಾಗ ಕೇಳುತ್ತೀರಿ. ಅದೇ ಸಾಮಾನಗಡದಲ್ಲಿ ಶಕ 675ರ, ಅಂದರೆ 753-54ರ ತಾಮ್ರದ ಹಾಳಿ ಸಿಕ್ಕಾವ ಅನ್ನುವುದು ನಮ್ಮಲ್ಲಿ ಬಹಳ ಮಂದಿಗೆ ಗೊತ್ತಿಲ್ಲ. ರಾಷ್ಟ್ರಕೂಟರ ದಂತಿದುರ್ಗ ಕೊಟ್ಟ ದಾನಪತ್ರ ಅದು, ಸಂಸ್ಕೃತದ್ದು. ಕಂಚಿಯ ರಾಜ, ಚೋಳ, ಪಾಂಡ್ಯ, ಹರ್ಷ ಇವರನ್ನೆಲ್ಲ ಸೋಲಿಸಿದ ಕರ್ಣಾಟಕ ಬಲವನ್ನು, ಅಂದರೆ ಚಾಲುಕ್ಯರ ದಂಡನ್ನು, ತಾನು ಸ್ವಲ್ಪೇ ಮಂದಿಯನ್ನು ಕಟ್ಟಿಕೊಂಡು ಗೆದ್ದೆ ಅಂತ ಅದರಲ್ಲಿ ಬರೆಸಿದ್ದಾನೆ. ಇತಿಹಾಸದ ದೊಡ್ಡ ದೊಡ್ಡ ಪುಸ್ತಕಗಳಲ್ಲಿ ರಾಷ್ಟ್ರಕೂಟರ ಅಧ್ಯಾಯ ಶುರುವಾಗುವಾಗ ನಮ್ಮ ಗುಡ್ಡದ ಹೆಸರು ಬರುತ್ತದೆ. ನಮ್ಮ ಸಾಲಿಯ ಗೋಡೆಯ ಮೇಲೆ ಮಾತ್ರ ಇಲ್ಲ. ಮಾಸ್ತರಮಂದಿ ಇದನ್ನು ಒಂದು ಹಲಗಿಯ ಮೇಲೆ ಬರೆಸಬೇಕು ಅಂತ ಕೈಮುಗಿದು ಕೇಳುತ್ತೇನೆ.

ಖಿದ್ರಾಪುರಕ್ಕೆ ಕಾಯಿದೆ ಇದೆ, ಕಾವಲುಗಾರ ಇದ್ದಾನೆ. ನಮ್ಮ ನಿಮ್ಮ ಊರಿನ ಹನುಮಪ್ಪನ ಕಟ್ಟಿಗೆ ಒರಗಿಸಿದ ವೀರಗಲ್ಲಿಗೆ ಯಾರಿದ್ದಾರೆ? ವೀರಗಲ್ಲು ಓದಲು ಅಕ್ಷರವೇ ಬೇಕಂತಿಲ್ಲ. ಕೆಳಗಿನಿಂದ ಮೇಲೆ ನೋಡಬೇಕು. ಅಡಿಯ ಮನಿಯಾಗ ಹೊಡೆದಾಟ, ಒಮ್ಮೊಮ್ಮೆ ದನಗಳೂ ಇರುತ್ತವೆ, ಅಂದರೆ ದನ ಹೊಡಕೊಂಡು ಹೋಗುವ ಕಳ್ಳರ ಕೂಡ ಬಡಿದಾಡಿ ಸತ್ತವನು. ನಡುವೆ ಅಪ್ಸರೆಯರು ಅವನನ್ನು ಕೈ ಹಿಡಿದು ಮೇಲೆ ಒಯ್ಯುತ್ತಾರೆ. ಮೇಲೆ ಕೈಲಾಸ, ಲಿಂಗದ ಮುಂದೆ ಅವನು ಕೈಮುಗಿದು ಕುಂತಿದ್ದಾನೆ. ತುದಿಗೆ ಸೂರ್ಯ ಚಂದ್ರ. ಅವರಿರುವ ತನಕ ಇದು ಇರಲಿ ಅಂತ. ಕೈ ಎತ್ತಿದ ತೋಳು, ಬಳಿ ಇದ್ದರೆ ಮಾಸ್ತಿಕಲ್ಲು. ಇವು ರಾಜರ ಕಲ್ಲಲ್ಲ, ನಮ್ಮಂಥ ಒಕ್ಕಲಿಗರ, ಕುರುಬರ, ಕಾವಲುಗಾರರ ಕಲ್ಲು. ಇವರ ಮೇಲೆ ಯಾವ ಲಾವಣಿಯೂ ಉಳಿದಿಲ್ಲ.

ನಮ್ಮೂರಲ್ಲಿ ಇಂಥ ಐದು ಕಲ್ಲು ಇದ್ದವು. ಒಂದು ರಸ್ತೆಯ ಕೆಲಸದಾಗ ಗಟಾರಿನ ಮೇಲೆ ಹಾಸುಗಲ್ಲಾಯಿತು, ಆಮೇಲೆ ಟ್ರ್ಯಾಕ್ಟರ ಹಾದು ಎರಡು ತುಂಡು. ಗುತ್ತಿಗೆದಾರ, ಅಜ್ಜಾ, ಕಲ್ಲಿಗೇನು ಬರಗಾಲ ಅಂದ. ಎರಡಕ್ಕೆ ಭಕ್ತರು ಆಯಿಲ್ ಪೇಂಟ್ ಬಳಿದಾರ, ದೇವರೆಂದು ಮಾಡಿದ್ದು, ಬೈಯಲಿಕ್ಕೂ ಬರೂದಿಲ್ಲ. ಆದರೆ ಬಣ್ಣದ ಅಡಿಯಲ್ಲಿ ಗೆರೆ ಮುಚ್ಚಿ, ಕುದುರಿಯೋ ಎತ್ತೋ ತಿಳಿಯದಂತಾಗಿದೆ. ಇಂಥ ಕಲ್ಲಿಗೆ ಬಣ್ಣ, ಸಿಮೆಂಟು, ಸುಣ್ಣ ಹಚ್ಚಬಾರದು. ಕುಂಕುಮ ಅರಿಷಿಣ ಬುಡಕ್ಕೆ ಹಾಕಿರಿ, ಕಲ್ಲು ಏನೂ ಅನ್ನೂದಿಲ್ಲ. ತಿಕ್ಕಿ ತೊಳೆಯಲು ಕಬ್ಬಿಣದ ಬ್ರಶ್ ಬ್ಯಾಡ, ನೀರು ಮತ್ತು ತೆಂಗಿನ ನಾರು ಸಾಕು.

ಅಕ್ಷರ ಇದ್ದರೆ ಓದುವವರಿಗೆ ಅಚ್ಚು ತೆಗೆದು ಕಳಿಸಬೇಕು. ಅದನ್ನು ನಾನು ಕಣ್ಣಾರೆ ನೋಡಿದ್ದೇನೆ. ಕಲ್ಲು ತೊಳೆದು, ನೆನೆಸಿದ ಕಾಗದ ಅದರ ಮೇಲೆ ಹಾಸಿ, ಬ್ರಶ್ಶಿನಿಂದ ಬಡಿಬಡಿದು ಅಕ್ಷರದ ತಗ್ಗಿನೊಳಗೆ ಇಳಿಸುತ್ತಾರೆ. ಆಮೇಲೆ ಬಟ್ಟೆಯ ಉಂಡಿಗೆ ಮಸಿ ಹಚ್ಚಿ ಮೇಲೆ ಮೇಲೆ ಒತ್ತುತ್ತಾರೆ. ಕಲ್ಲಿನ ಮೈ ಕರಿದಾಗುತ್ತದೆ, ಅಕ್ಷರ ಬಿಳಿದಾಗಿ ಎದ್ದು ಬರುತ್ತದೆ. ಅಂಗೈ ಮೇಲೆ ಗೋರಂಟಿ ಎದ್ದಂಗ, ಬಣ್ಣ ಉಲ್ಟಾ ಅಷ್ಟೇ. ಹಳೇ ಅಕ್ಷರದಲ್ಲಿ ಈಗ ನಾವು ಬರೆಯದ ಱ, ೞ ಎಂಬ ಎರಡು ಸಿಗುತ್ತವೆ. ತಲಿಕಟ್ಟು ಬ್ಯಾರೆ ಥರ. ಆದರೆ ಒಂದು ವಾರ ಕುಂತು ಕಲಿತರೆ ಹತ್ತರಾಗ ನಾಲ್ಕು ಅಕ್ಷರ ಗುರುತು ಸಿಗುತ್ತವೆ. ನಮ್ಮ ಹುಡುಗರು ಮನಿಯಾಗ ಕನ್ನಡ ಮಾತಾಡಿ ಮರಾಠಿ ಸಾಲಿಗೆ ಹೋಗುವವು. ಖಿದ್ರಾಪುರಕ್ಕೆ ಟ್ರಿಪ್ ಒಯ್ದರೆ ಆನೆಯ ಮುಂದೆ ಫೋಟೋ ತೆಗೆಸಿಕೊಂಡು ಬರತಾವ, ಅವ್ವನ ಮಾತು ಗೋಡೆಯ ಮೇಲೆ ಕೊರೆದದ್ದು ಅವಕ್ಕೆ ಗೊತ್ತೇ ಆಗೂದಿಲ್ಲ. ನಮ್ಮ ವಾಚನಾಲಯದಲ್ಲಿ ಬ್ಯಾಸಿಗಿ ಸೂಟಿಯಲ್ಲಿ ಎಂಟು ದಿನ ಅಕ್ಷರ ಕಲಿಸಲು ಇಬ್ಬರು ಮಾಸ್ತರು ಒಪ್ಪಿದ್ದಾರೆ. ಬಂದವರಿಗೆ ಚಹಾ ನನ್ನ ಕಡೆಯಿಂದ.

ಐದರಲ್ಲಿ ನಾಲ್ಕರ ಮಾತು ಹೇಳಿದಂತಾಗಲಿಲ್ಲ. ನಾಲ್ಕನೆಯದು ಈಗ ವಾಚನಾಲಯದ ಹೊರಗೆ, ಬೇವಿನ ಗಿಡದ ಬುಡಕ್ಕೆ ನೆಟ್ಟಗೆ ನಿಲ್ಲಿಸಿದ್ದೇವೆ, ಎಂಟು ಮಂದಿ ಕೂಡಿ ಹೊತ್ತು ತಂದೆವು. ಐದನೆಯದು ಹಳೇ ಬಾವಿಯ ಪಾವಟಿಗೆ ಹಾಕಿದ್ದಾರೆ, ಕೆಳಗಿನಿಂದ ಮೂರನೆಯದು. ಅದರ ಮೇಲೆ ಎರಡು ಸಾಲು ಬರಹ ಇದೆ, ಮೊದಲ ಶಬ್ದ ಸ್ವಸ್ತಿ. ಮುಂದಿನದನ್ನು ಇನ್ನೂ ಯಾರೂ ಓದಿಲ್ಲ. ನೋಡುವವರು ಮೇ ತಿಂಗಳಲ್ಲಿ ಬರಬೇಕು, ಉಳಿದ ದಿನ ಅದು ನೀರಾಗ ಇರುತ್ತದೆ.