ಎಲೆಕ್ಟ್ರಾನಿಕ್ ಡ್ರಂ ಸೆಟ್

ಕೋಲಿನ ಪೆಟ್ಟನ್ನು ವಿದ್ಯುತ್ ಸಂಕೇತವಾಗಿಸಿ, ಅದರಿಂದ ನಾದ ಹೊರಡಿಸುವ ತಾಳವಾದ್ಯ. ಮೊದಲೇ ಹೊಂದಿಸಿಟ್ಟ ತಾಳವನ್ನು ತಾನಾಗಿ ನುಡಿಸುವ ಡ್ರಂ ಮಷೀನ್ ಬೇರೆ. ಇದಕ್ಕೆ ಬಾರಿಸುವವರು ಬೇಕೇ ಬೇಕು. ಹೀಗಾಗಿ ಇದರ ಇತಿಹಾಸದಲ್ಲಿ ಕಿವಿಯಷ್ಟೇ ಕೈಯೂ ಮುಖ್ಯ. ನಾದ ಬೇಗನೆ ಒಲಿಯಿತು, ಕೈಗೊಗ್ಗುವ ಪ್ಯಾಡ್ ಬರಲು ಕಾಲು ಶತಮಾನ ಹಿಡಿಯಿತು.

ಬ್ರಿಟನ್ನಿನ ಮೂಡಿ ಬ್ಲೂಸ್ ತಂಡದ ಡ್ರಮ್ಮರ್ ಗ್ರೇಮ್ ಎಡ್ಜ್, ಸಸೆಕ್ಸ್ ವಿಶ್ವವಿದ್ಯಾಲಯದ ಬ್ರಯಾನ್ ಗ್ರೋವ್ಸ್ ಜೊತೆಗೂಡಿ ಕಟ್ಟಿದ ಸೆಟ್ 1971ರ ‘ಪ್ರೊಸೆಷನ್’ ಹಾಡಿನಲ್ಲಿ ಕೇಳಿಸಿತು. ಜರ್ಮನಿಯ ಕ್ರಾಫ್ಟ್‌ವರ್ಕ್ ತಂಡ ಲೋಹದ ಫಲಕಗಳಿಗೆ ಲೋಹದ ಕಡ್ಡಿ ತಾಗಿಸಿ ತಾಳ ನುಡಿಸಿತು. ಇವೆರಡೂ ಅಂಗಡಿಗೆ ಬಂದವಲ್ಲ. 1976ರಲ್ಲಿ ಮಾರುಕಟ್ಟೆಗೆ ಪೊಲಾರ್ಡ್ ಸಿನ್‌ಡ್ರಂ ಬಂದಿತು. ‘ಡೂ’ ಎಂದು ಕೆಳಗಿಳಿಯುವ ಅದರ ಸ್ವರ ಡಿಸ್ಕೊ ಹಾಡುಗಳ ಗುರುತೇ ಆಯಿತು.

ಪೂರ್ಣ ಪ್ರಮಾಣದ ಸೆಟ್ ಎಂದು ಹೆಸರಾದದ್ದು 1981ರಲ್ಲಿ ಬಂದ ಇಂಗ್ಲೆಂಡಿನ ಸಿಮನ್ಸ್ ಎಸ್‌ಡಿಎಸ್-5. ಡೇವ್ ಸಿಮನ್ಸ್ ಜೊತೆ ಇದನ್ನು ರೂಪಿಸಿದವರು ಲ್ಯಾಂಡ್‌ಸ್ಕೇಪ್ ತಂಡದ ರಿಚರ್ಡ್ ಜೇಮ್ಸ್ ಬರ್ಜೆಸ್. ಆರು ಮೂಲೆಯ ಪ್ಯಾಡ್‌ಗಳು ವೇದಿಕೆಯ ಮೇಲೆ ದೂರದಿಂದಲೇ ಕಣ್ಣಿಗೆ ಬೀಳುತ್ತಿದ್ದವು. ಎಂಬತ್ತರ ದಶಕದ ಪಾಪ್ ಸಂಗೀತಕ್ಕೆ ಅದರ ಬಣ್ಣ ಕೊಟ್ಟದ್ದರಲ್ಲಿ ಈ ಸೆಟ್ಟಿನ ಪಾಲು ದೊಡ್ಡದು. ಆದರೆ ಪ್ಯಾಡ್‌ಗೆ ಹೊದಿಸಿದ್ದು ಗಟ್ಟಿ ಪಾಲಿಕಾರ್ಬನೇಟ್. ಡ್ರಮ್ಮಿನ ಮುಚ್ಚಿಗೆ ಪೆಟ್ಟಿಗೆ ಬಗ್ಗುವಂತೆ ಅದು ಬಗ್ಗದು. ಪೆಟ್ಟಿನ ಆಘಾತವೆಲ್ಲ ಮಣಿಕಟ್ಟಿಗೇ. ಹಲವು ಡ್ರಮ್ಮರ್‌ಗಳು ನೋವು ತಿಂದರು.

ಇದೇ ತಂತ್ರ ಒಬ್ಬ ಕಲಾವಿದನಿಗೆ ವಾದ್ಯವನ್ನೇ ಮರಳಿ ಕೊಟ್ಟಿತೆಂಬುದನ್ನು ಮರೆಯಲಾಗದು. ಡೆಫ್ ಲೆಪರ್ಡ್ ತಂಡದ ರಿಕ್ ಅಲೆನ್ 1984ರ ಡಿಸೆಂಬರ್ 31ರ ಕಾರು ಅಪಘಾತದಲ್ಲಿ ಎಡಗೈ ಕಳೆದುಕೊಂಡರು. ಎಡಗೈಯ ಕೆಲಸವನ್ನು ಎಡಗಾಲಿನ ಪೆಡಲ್‌ಗಳಿಗೆ ವಹಿಸುವ ಎಲೆಕ್ಟ್ರಾನಿಕ್ ಸೆಟ್ ಮಾಡಿಸಿಕೊಂಡು ಅವರು ತಂಡದಲ್ಲೇ ಉಳಿದರು. ತಂಡದ 1987ರ ಆಲ್ಬಂ ‘ಹಿಸ್ಟೀರಿಯಾ’ ಲೋಕಪ್ರಸಿದ್ಧವಾಯಿತು.

ಜಪಾನಿನ ರೋಲ್ಯಾಂಡ್ ಕಂಪನಿ 1985ರಲ್ಲಿ ಎಂಟು ಪ್ಯಾಡ್‌ಗಳನ್ನು ಒಂದೇ ಪೆಟ್ಟಿಗೆಯಲ್ಲಿ ಕೂಡಿಸಿ ಆಕ್ಟೋಪ್ಯಾಡ್ ತಂದಿತು. ಕರ್ನಾಟಕದ ರಸಮಂಜರಿ ಕಾರ್ಯಕ್ರಮಗಳಲ್ಲಿ ಢೋಲಕ್, ತಬಲಾ ನಾದಗಳನ್ನೆಲ್ಲ ಒಬ್ಬರೇ ನುಡಿಸುವ ‘ರಿದಂ ಪ್ಯಾಡ್’ ಈ ವಂಶದ್ದೇ. ಅದೇ ಕಂಪನಿಯ 1997ರ ವಿ-ಡ್ರಮ್ಸ್‌ನಲ್ಲಿ ಬಲೆಯಂಥ ಜಾಲರಿಯ ಮುಚ್ಚಿಗೆ ಬಂತು. ಅದನ್ನು ಬೇಕಾದಷ್ಟು ಬಿಗಿಯಬಹುದು, ಕೋಲು ಪುಟಿಯುತ್ತದೆ, ಪಕ್ಕದ ಮನೆಗೆ ಸದ್ದು ಹೆಚ್ಚು ಹೋಗದು. ಮಣಿಕಟ್ಟಿನ ದೂರು ಅಲ್ಲಿಗೆ ಬಹುಪಾಲು ತೀರಿತು. ಸಿಂಬಲ್ ವಿಷಯದಲ್ಲಿ ಮಾತ್ರ ಕಂಚಿನ ಮೂಲವಾದ್ಯವೇ ಇಂದಿಗೂ ಮೇಲು.