ನಿಘಂಟಿನ ಹಾದಿ



ಮಕ್ಕಳಿಗೆ ಒಳ್ಳೆಯ ಇಂಗ್ಲಿಷ್ ಬರಬೇಕೆಂಬ ಹಂಬಲ ಇಂದು ಹುಕ್ಕೇರಿ, ಗೋಕಾಕ, ಮೂಡಲಗಿ ಸೀಮೆಯ ಪ್ರತಿಯೊಂದು ಮನೆಯಲ್ಲಿಯೂ ಇದೆ. ಆ ಹಂಬಲ ತಪ್ಪಲ್ಲ. ಉನ್ನತ ಶಿಕ್ಷಣಕ್ಕೂ ಉದ್ಯೋಗಕ್ಕೂ ಅದು ಬೇಕಾದ ಭಾಷೆಯೇ ಸರಿ. ಆದರೆ ಈ ಹಂಬಲದ ಬೆನ್ನಿಗೆ ಒಂದು ಭಯವೂ ಅಂಟಿಕೊಂಡಿದೆ. ಮನೆಯ ಕನ್ನಡವು ಮಗುವಿನ ಇಂಗ್ಲಿಷಿಗೆ ಅಡ್ಡಿಯಾಗುತ್ತದೆಂದು ಅನೇಕ ತಂದೆತಾಯಿಗಳು ನಂಬಿದ್ದಾರೆ. ಈ ನಂಬಿಕೆ ಎಷ್ಟರಮಟ್ಟಿಗೆ ನಿಜವೆಂಬುದನ್ನು ತಿಳಿಯಬೇಕಾದರೆ ಕನ್ನಡ ಮತ್ತು ಇಂಗ್ಲಿಷ್ ಪದಗಳನ್ನು ಮೊದಲಬಾರಿಗೆ ಒಂದೇ ಪುಟದಲ್ಲಿ ಕೂರಿಸಿದವರ ಇತಿಹಾಸವನ್ನು ನೋಡಬೇಕು.

ಬಳ್ಳಾರಿಯಲ್ಲಿ ಸೇವೆ ಸಲ್ಲಿಸಿದ ಲಂಡನ್ ಮಿಷನ್ನಿನ ವಿಲಿಯಂ ರೀವ್ 1824ರಲ್ಲಿ ಇಂಗ್ಲಿಷ್-ಕನ್ನಡ ನಿಘಂಟನ್ನೂ 1832ರಲ್ಲಿ ಕನ್ನಡ-ಇಂಗ್ಲಿಷ್ ನಿಘಂಟನ್ನೂ ಪ್ರಕಟಿಸಿದರು. ಮುಂದೆ ಬಾಸೆಲ್ ಮಿಷನ್ನಿನ ಜಿಗ್ಲರ್ ಅವರು ಶಾಲಾ ಮಕ್ಕಳಿಗೆಂದೇ ಒಂದು ಇಂಗ್ಲಿಷ್-ಕನ್ನಡ ನಿಘಂಟನ್ನು ಸಿದ್ಧಪಡಿಸಿದರು. ಇವೆಲ್ಲಕ್ಕೂ ಕಲಶವಿಟ್ಟಂತೆ 1894ರಲ್ಲಿ ಮಂಗಳೂರಿನಿಂದ ಫರ್ಡಿನಾಂಡ್ ಕಿಟ್ಟೆಲ್ ಅವರ ಕನ್ನಡ-ಇಂಗ್ಲಿಷ್ ನಿಘಂಟು ಹೊರಬಂದಿತು. ಅದರಲ್ಲಿ ಸುಮಾರು 70,000 ಪದಗಳಿವೆ. 1853ರಲ್ಲಿ ಭಾರತಕ್ಕೆ ಬಂದ ಕಿಟ್ಟೆಲ್ ಧಾರವಾಡ, ಹುಬ್ಬಳ್ಳಿ, ಮಂಗಳೂರು, ಮಡಿಕೇರಿಗಳಲ್ಲಿ ಬಾಳಿ, ಹಳಗನ್ನಡ ಕಾವ್ಯಗಳಿಂದ ಹಿಡಿದು ಜನರ ಗಾದೆಗಳವರೆಗೆ ಪದಗಳನ್ನು ಕಲೆಹಾಕಿದ್ದರು.

ಇಲ್ಲಿ ನಾವು ಸಾಮಾನ್ಯವಾಗಿ ಗಮನಿಸದ ಒಂದು ಸಂಗತಿಯಿದೆ. ಕಿಟ್ಟೆಲ್ ಜರ್ಮನ್ ಮನೆಯಲ್ಲಿ ಹುಟ್ಟಿದವರು. ಅವರಿಗೆ ಕನ್ನಡ ಹೇಗೆ ಕಲಿತ ಭಾಷೆಯೋ ಇಂಗ್ಲಿಷ್ ಕೂಡ ಹಾಗೆಯೇ ಕಲಿತ ಭಾಷೆ. ಮತ್ತೊಂದು ನಿದರ್ಶನವೂ ಮಂಗಳೂರಿನದೇ. 1878ರ ಕೊನೆಯಲ್ಲಿ ಇಟಲಿಯಿಂದ ಯೇಸುಸಭೆಯವರು ಅಲ್ಲಿಗೆ ಬಂದರು. ಆ ಸಭೆಯ ಆಂಜೆಲೊ ಮಾಫೈ ಸ್ವಾಮಿಗಳು 1883ರಲ್ಲಿ ಇಂಗ್ಲಿಷ್-ಕೊಂಕಣಿ ನಿಘಂಟನ್ನು ಹೊರತಂದರು. ಕಥೋಲಿಕ ಗುರುಗಳ ಆ ಗ್ರಂಥವನ್ನು ಅಚ್ಚುಮಾಡಿದ್ದು ಪ್ರೊಟೆಸ್ಟಂಟರ ಬಾಸೆಲ್ ಮಿಷನ್ ಮುದ್ರಣಾಲಯವೆಂಬುದು ನೆನಪಿಡತಕ್ಕ ಮಾತು. ಇಂಗ್ಲಿಷ್ ತಾಯ್ನುಡಿಯಲ್ಲದವರೇ ಇಂಗ್ಲಿಷಿನ ನಿಘಂಟುಗಳನ್ನು ರಚಿಸಿದರೆಂದ ಮೇಲೆ, ಹುಟ್ಟಿನಿಂದ ಬಾರದ ಭಾಷೆ ಎಂದಿಗೂ ಪೂರ್ತಿಯಾಗಿ ಕೈವಶವಾಗದೆಂಬ ನಿರಾಶೆಗೆ ಆಧಾರವೆಲ್ಲಿದೆ?

ಕನ್ನಡಿಗರ ಸಾಧನೆಯೂ ಇದನ್ನೇ ಸಾರುತ್ತದೆ. 1946ರಲ್ಲಿ ಪ್ರಕಟವಾದ ಮೈಸೂರು ವಿಶ್ವವಿದ್ಯಾನಿಲಯದ ಇಂಗ್ಲಿಷ್-ಕನ್ನಡ ನಿಘಂಟಿನ ಪ್ರಧಾನ ಸಂಪಾದಕರಾಗಿದ್ದ ಬಿ.ಎಂ. ಶ್ರೀಕಂಠಯ್ಯನವರು ಇಂಗ್ಲಿಷ್ ಪ್ರಾಧ್ಯಾಪಕರು. ಹೊಸಗನ್ನಡ ಕಾವ್ಯಕ್ಕೆ ದಾರಿ ತೋರಿದವರೂ ಅವರೇ. ನಮ್ಮ ಗೋಕಾಕ ತಾಲ್ಲೂಕಿನ ಮಮದಾಪುರದಲ್ಲಿ 1899ರಲ್ಲಿ ಹುಟ್ಟಿದ ಡಿ.ಸಿ. ಪಾವಟೆಯವರು ಕೇಂಬ್ರಿಜ್‌ನಲ್ಲಿ ಗಣಿತದ ರ‍್ಯಾಂಗ್ಲರ್ ಪದವಿ ಪಡೆದು, ಕರ್ನಾಟಕ ವಿಶ್ವವಿದ್ಯಾಲಯದ ಕುಲಪತಿಗಳಾಗಿ, ಪಂಜಾಬದ ರಾಜ್ಯಪಾಲರಾಗಿ, ತಮ್ಮ ನೆನಪುಗಳನ್ನು ಇಂಗ್ಲಿಷಿನಲ್ಲಿ ಬರೆದರು. ಮನೆತನದ ಹೆಸರಿನಲ್ಲೇ ನಮ್ಮ ಊರನ್ನು ಹೊತ್ತ ವಿ.ಕೃ. ಗೋಕಾಕರು ಆಕ್ಸ್‌ಫರ್ಡ್‌ನಲ್ಲಿ ಕಲಿತು ಇಂಗ್ಲಿಷ್ ಬೋಧಿಸಿದವರು. ಪ್ರೌಢಶಾಲೆಯಲ್ಲಿ ಕನ್ನಡವೇ ಏಕೈಕ ಪ್ರಥಮ ಭಾಷೆಯಾಗಿರಬೇಕೆಂದು 1981ರಲ್ಲಿ ಶಿಫಾರಸು ಮಾಡಿದ ಸಮಿತಿಯ ಅಧ್ಯಕ್ಷರೂ ಅವರೇ. ಇಂಗ್ಲಿಷನ್ನು ಆಳವಾಗಿ ಬಲ್ಲವರು ಕನ್ನಡವನ್ನು ಹೊರೆಯೆಂದು ಎಣಿಸಲಿಲ್ಲ.

ಹಾಗಾದರೆ ಪದಸಂಪತ್ತು ಬೆಳೆಯುವುದು ಹೇಗೆ? ನೂರು ಪದಗಳ ಪಟ್ಟಿಯನ್ನು ಉರುಹೊಡೆದರೆ ಪರೀಕ್ಷೆ ಮುಗಿದ ಮರುವಾರ ಅದು ಮರೆತುಹೋಗುತ್ತದೆ. ಬೇರನ್ನು ಹಿಡಿದವನಿಗೆ ಇಡೀ ಗಿಡ ಕೈಗೆ ಬರುತ್ತದೆ. ಇಂಗ್ಲಿಷಿನ ಪ್ರೌಢ ಪದಗಳಲ್ಲಿ ಬಹುಪಾಲು ಲ್ಯಾಟಿನ್ ಮತ್ತು ಗ್ರೀಕ್ ಮೂಲದವು. ಗುರುಮಠದಲ್ಲಿ ಲ್ಯಾಟಿನ್ ಓದಿದ ನಮ್ಮಂಥವರಿಗೆ ಇದರ ಉಪಯೋಗ ಚೆನ್ನಾಗಿ ಗೊತ್ತು. ಲ್ಯಾಟಿನ್ನಿನಲ್ಲಿ 'ಪೊರ್ತಾರೆ' ಎಂದರೆ ಹೊರು, ಒಯ್ಯು ಎಂದರ್ಥ. ಅದರಿಂದ ಇಂಪೋರ್ಟ್, ಎಕ್ಸ್‌ಪೋರ್ಟ್, ಟ್ರಾನ್ಸ್‌ಪೋರ್ಟ್, ರಿಪೋರ್ಟ್, ಸಪೋರ್ಟ್ ಪದಗಳೂ ರೈಲು ನಿಲ್ದಾಣದ ಪೋರ್ಟರನೂ ಹುಟ್ಟಿವೆ. ಇದು ನಮಗೆ ಹೊಸ ವಿದ್ಯೆಯೇನಲ್ಲ. ಸಂಸ್ಕೃತದ 'ಹೃ' ಧಾತುವಿಗೂ ಒಯ್ಯು ಎಂಬುದೇ ಅರ್ಥ. ಅದರಿಂದ ಬಂದ ಆಹಾರ, ವಿಹಾರ, ಸಂಹಾರ, ಪರಿಹಾರ ಪದಗಳನ್ನು ನಾವು ದಿನವೂ ಆಡುತ್ತೇವೆ. ಉಪಸರ್ಗ ಬದಲಾದರೆ ಅರ್ಥ ಬದಲಾಗುತ್ತದೆಂದು ಕನ್ನಡ ವ್ಯಾಕರಣದ ಪಾಠದಲ್ಲಿ ಕಲಿತ ಮಗುವಿಗೆ ಇಂಗ್ಲಿಷಿನ ಅರ್ಧ ಬೀಗ ಆಗಲೇ ತೆರೆದಿರುತ್ತದೆ.

ನಮ್ಮ ಹೊಲಮನೆಯ ಮಾತಿನಲ್ಲಿಯೂ ಈ ಬೇರುಗಳು ಅಡಗಿವೆ. ಹುಕ್ಕೇರಿಯಲ್ಲಿ 1969ರಲ್ಲಿ ಗ್ರಾಮೀಣ ವಿದ್ಯುತ್ ಸಹಕಾರಿ ಸಂಘ ಸ್ಥಾಪನೆಯಾಯಿತು. 'ಕರೆಂಟ್ ಬಂತೇನು?' ಎಂದು ಕೇಳದ ರೈತನಿಲ್ಲ. ಆ ಕರೆಂಟ್ ಲ್ಯಾಟಿನ್ನಿನ 'ಕುರ್ರೆರೆ', ಅಂದರೆ ಓಡು ಎಂಬ ಕ್ರಿಯಾಪದದಿಂದ ಬಂದದ್ದು. ಓಡುವುದೇ ಕರೆಂಟ್, ಕೈಯಿಂದ ಕೈಗೆ ಓಡುವ ಹಣ ಕರೆನ್ಸಿ, ಓಡಬೇಕಾದ ಹಾದಿ ಕೋರ್ಸ್, ಊರ ಹೊರಗಿನ ಓಡಾಟ ಎಕ್ಸ್‌ಕರ್ಷನ್. ಪಂಪ್‌ಸೆಟ್ಟಿನ ಮೋಟಾರ್ ಕೂಡ ಚಲಿಸು ಎಂಬ ಅರ್ಥದ 'ಮೊವೆರೆ'ಯಿಂದ ಬಂದದ್ದು. ಮೋಷನ್, ಪ್ರಮೋಷನ್, ರಿಮೂವ್ ಪದಗಳು ಅದರ ಒಡಹುಟ್ಟುಗಳು. ಸಂಕೇಶ್ವರದ ಸಕ್ಕರೆ ಫ್ಯಾಕ್ಟರಿಗೆ ಕಬ್ಬು ಸಾಗಿಸುವವನ ಮಗಳಿಗೆ ಮ್ಯಾನ್ಯುಫ್ಯಾಕ್ಚರ್ ಎಂಬ ಪದದಲ್ಲಿ 'ಕೈಯಿಂದ ಮಾಡು' ಎಂಬ ಎರಡು ಲ್ಯಾಟಿನ್ ಮಾತುಗಳು ಕೂಡಿವೆಯೆಂದು ತಿಳಿಸಿರಿ. ಆಕೆ ಆ ಪದವನ್ನು ಮರೆಯಲಾರಳು.

ಆದ್ದರಿಂದ ತಂದೆತಾಯಿಗಳಲ್ಲಿ ನನ್ನದೊಂದು ವಿನಂತಿ. ಮನೆಯಲ್ಲಿ ಒಂದು ಇಂಗ್ಲಿಷ್-ಕನ್ನಡ ನಿಘಂಟು ಇರಲಿ. ದಿನಕ್ಕೆ ಒಂದೇ ಪದ ಸಾಕು. ಮಗು ಅದರ ಬೇರನ್ನು ಹುಡುಕಲಿ, ಅರ್ಥವನ್ನು ಕನ್ನಡದಲ್ಲಿ ವಿವರಿಸಲಿ, ತನ್ನದೇ ವಾಕ್ಯದಲ್ಲಿ ಬಳಸಿ ಬರೆಯಲಿ. ವಾರದ ಕೊನೆಗೆ ಆ ಏಳು ಪದಗಳನ್ನು ಮತ್ತೆ ಕೇಳಿರಿ. ಇಂಗ್ಲಿಷ್ ಬಾರದ ತಾಯಿಯೂ ಈ ಪಾಠ ನಡೆಸಬಲ್ಲಳು. ಏಕೆಂದರೆ ಮಗು ಹೇಳುವ ಕನ್ನಡ ಅರ್ಥ ಸ್ಪಷ್ಟವಾಗಿದೆಯೋ ಇಲ್ಲವೋ ಎಂಬುದನ್ನು ಅವಳಿಗಿಂತ ಚೆನ್ನಾಗಿ ಅಳೆಯುವವರಿಲ್ಲ. ತನ್ನ ಮಾತಿನಲ್ಲಿ ವಿವರಿಸಲಾಗದ ಪದ ಮಗುವಿಗೆ ಇನ್ನೂ ದಕ್ಕಿಲ್ಲವೆಂದೇ ತಿಳಿಯಿರಿ.

ಕಿಟ್ಟೆಲ್ ಭಾರತಕ್ಕೆ ಬಂದ ವರ್ಷಕ್ಕೂ ಅವರ ನಿಘಂಟು ಹೊರಬಂದ ವರ್ಷಕ್ಕೂ ನಡುವೆ 41 ವರ್ಷಗಳ ಅಂತರವಿದೆ. ನಮ್ಮ ಮಕ್ಕಳಿಂದ ಆರು ತಿಂಗಳಲ್ಲಿ ಇಂಗ್ಲಿಷನ್ನು ನಿರೀಕ್ಷಿಸುವ ನಾವು ಸ್ವಲ್ಪ ತಾಳ್ಮೆಯನ್ನು ಕಲಿಯೋಣ. ತಾಯ್ನುಡಿಗೆ ನಾಚುವ ಮಗು ಎರಡೂ ಭಾಷೆಗಳಲ್ಲಿ ಬಡವಾಗುತ್ತದೆ. ಅದರಲ್ಲಿ ಬೇರೂರಿದ ಮಗು ಎರಡರಲ್ಲೂ ಬೆಳೆಯುತ್ತದೆ.